ಶ್ಯಾಮಲನ್ ಸಿನಿಮಾ ಅಂದ್ರೆ ಕೊನೆಯ ಹತ್ತು ನಿಮಿಷ ಅಷ್ಟೇನಾ?

ಹಳೇರೀಲು · ಶನಿವಾರ ರಾತ್ರಿ 9:40

ಮೊನ್ನೆ ಹಬ್ಬಕ್ಕೆ ಎಲ್ಲರೂ ಮನೆಯಲ್ಲಿ ಸೇರಿದ್ದೆವು. ಊಟ ಆದ ಮೇಲೆ ಯಾವುದಾದರೂ ಸಿನಿಮಾ ಹಾಕೋಣ ಅಂತ ಮಾತು ಬಂತು. ನಾನು 'ದಿ ವಿಲೇಜ್' ಅಂದೆ. ನಮ್ಮ ಭಾವ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ, "ಶ್ಯಾಮಲನ್ನಾ? ಕೊನೆಗೊಂದು ಟ್ವಿಸ್ಟ್ ತಾನೇ? ಈಗಲೇ ಹೇಳಿಬಿಡ್ತೀನಿ, ಎರಡು ಗಂಟೆ ಉಳೀತು" ಅಂದರು. ಹೇಳಿಯೂ ಬಿಟ್ಟರು. ಎಲ್ಲರೂ ನಕ್ಕರು. ಆಮೇಲೆ ಹಳೇ ಕ್ರಿಕೆಟ್ ಮ್ಯಾಚು ಹಾಕಿದರು. ಯಾರು ಗೆದ್ದರು ಅಂತ ಎಲ್ಲರಿಗೂ ಗೊತ್ತಿದ್ದ ಮ್ಯಾಚು!

ಅವತ್ತಿನಿಂದ ತಲೆ ಕೊರೀತಿದೆ. ಹಾಲಿವುಡ್ ನಿರ್ದೇಶಕ ಎಂ. ನೈಟ್ ಶ್ಯಾಮಲನ್ ಹೆಸರೆತ್ತಿದರೆ ಜನ ಯಾಕೆ ನಗುತ್ತಾರೆ? 'ದಿ ಸಿಕ್ಸ್ತ್ ಸೆನ್ಸ್' ಬಂದಿದ್ದು 1999ರಲ್ಲಿ. ಆತನಿಗೆ ಆಗ 29 ವರ್ಷ. 2002ರಲ್ಲಿ ನ್ಯೂಸ್‌ವೀಕ್ ಪತ್ರಿಕೆ ಮುಖಪುಟದಲ್ಲೇ ಇವನನ್ನು ಮುಂದಿನ ಸ್ಪೀಲ್‌ಬರ್ಗ್ ಅಂತ ಕರೆಯಿತು. ಅಲ್ಲಿಂದ ನಾಲ್ಕೇ ವರ್ಷಕ್ಕೆ ಹೆಸರು ಜೋಕಾಗಿ ಹೋಯಿತು.

ನನ್ನ ವಾದ ಇಷ್ಟು. ಈತನ ಒಳ್ಳೆಯ ಸಿನಿಮಾಗಳಲ್ಲಿ ಟ್ವಿಸ್ಟನ್ನು ಕಿತ್ತು ಪಕ್ಕಕ್ಕಿಡಿ. ಉಳಿಯುವುದು ಸಾವಾದ ಮನೆ. ಇಲ್ಲಾ ಮುರಿಯುತ್ತಿರೋ ಮನೆ. 'ಸೈನ್ಸ್' (Signs) ಅನ್ಯಗ್ರಹದವರ ಕಥೆಯೇ ಅಲ್ಲ. ಹೆಂಡತಿ ತೀರಿಕೊಂಡ ಮೇಲೆ ದೇವರ ಜೊತೆ ಮಾತು ಬಿಟ್ಟ ಪಾದ್ರಿಯ ಕಥೆ. 'ಅನ್‌ಬ್ರೇಕಬಲ್' ಅನ್ನೋದು ಬೆಳಿಗ್ಗೆ ಎದ್ದರೆ ಕಾರಣವಿಲ್ಲದೆ ಬೇಜಾರಾಗುವ ಒಬ್ಬ ಸೆಕ್ಯುರಿಟಿ ಗಾರ್ಡಿನ ಕಥೆ. ಇದನ್ನೆಲ್ಲ ಬಿಟ್ಟು ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಅಂಕ ಕೊಡೋದು ನ್ಯಾಯನಾ?

ಬಾಲ್ಕನಿ_ಟಿಕೆಟ್ · 9:52

ನ್ಯಾಯವೇ. ಆತನೇ ಹಾಗೆ ಅಭ್ಯಾಸ ಮಾಡಿಸಿದ್ದು. ಮೂರು ಸಲ ಮದುವೆ ಊಟದ ಕೊನೆಗೆ ಹೋಳಿಗೆ ಬಡಿಸಿ, ನಾಲ್ಕನೇ ಸಲ ಬರೀ ಮಜ್ಜಿಗೆ ಕೊಟ್ಟರೆ ಜನ ಬೈಯದೆ ಇರ್ತಾರಾ?

ಚುರುಮುರಿ · 9:55

ನಿಮ್ಮ ಭಾವನ ನಂಬರ್ ಕಳಿಸಿ, ನಾಲ್ಕು ಮಾತು ಹೇಳೋದಿದೆ 😄

ಕುಡ್ಲದ_ಮೀನು · 10:03

ಒಂದು ವಿಷಯ ಹಲವರಿಗೆ ಗೊತ್ತಿಲ್ಲ ಮಾರಾಯ್ರೆ. ಅವರು ಹುಟ್ಟಿದ್ದು ಮಾಹೆಯಲ್ಲಿ, 1970ರಲ್ಲಿ. ಪುದುಚೇರಿಗೆ ಸೇರಿದ ಊರು, ಆದರೆ ಇರೋದು ಕೇರಳದ ಮಧ್ಯೆ, ತಲಶ್ಶೇರಿ ಪಕ್ಕ. ಮಂಗಳೂರಿಂದ ರೈಲು ಹತ್ತಿದರೆ ಸಿಗ್ತದೆ. ನಮ್ಮ ಕಡೆಯವರಿಗೆ ಮಾಹೆ ಅಂದ್ರೆ ನೆನಪಾಗೋದು ಬೇರೆಯೇ, ಅದನ್ನ ಇಲ್ಲಿ ಬರೆಯೋದು ಬೇಡ. ಬಾಟಲಿ ಅಗ್ಗ ಅಂತ ಮಾತ್ರ ಹೇಳ್ತೇನೆ.

ಚುರುಮುರಿ · 10:05

ಹಾಗಾದ್ರೆ 'ದಿ ಹ್ಯಾಪನಿಂಗ್' ಬರೆದಿದ್ದು ಮಾಹೆಗೆ ಹೋಗಿ ಬಂದ ಮೇಲಾ?

ಜೋಳದರೊಟ್ಟಿ_ಅಮೆರಿಕ · 10:20

ನಾನು ಫಿಲಡೆಲ್ಫಿಯಾ ಹತ್ತಿರ ಇರೋನು. ಹನ್ನೊಂದು ವರ್ಷ ಆಯಿತು. ಇಲ್ಲಿ ಮಧ್ಯಾಹ್ನದ ಹೊತ್ತು, ಕಾಫಿ ಕುಡೀತಾ ಬರೀತಿದ್ದೀನಿ.

ಆತ ಬೆಳೆದಿದ್ದು ಇದೇ ಊರಿನ ಅಂಚಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಡಾಕ್ಟರು. ಹೆಸರು ಬಂದ ಮೇಲೂ ಲಾಸ್ ಏಂಜಲೀಸಿಗೆ ಹೋಗಿ ಕೂರಲಿಲ್ಲ. ಹೆಚ್ಚಿನ ಸಿನಿಮಾಗಳನ್ನು ಇಲ್ಲೇ ಸುತ್ತಮುತ್ತ ತೆಗೆದಿದ್ದು. 'ಸೈನ್ಸ್' ಸಿನಿಮಾದ ಜೋಳದ ಹೊಲ ಬಕ್ಸ್ ಕೌಂಟಿಯದ್ದು. 'ಅನ್‌ಬ್ರೇಕಬಲ್'ನಲ್ಲಿ ಬ್ರೂಸ್ ವಿಲ್ಲಿಸ್ ಕಾವಲು ಕಾಯುವ ಸ್ಟೇಡಿಯಂ ಫ್ರಾಂಕ್ಲಿನ್ ಫೀಲ್ಡ್. ಅದರ ಮುಂದೆ ಹಾದು ಹೋಗುವಾಗೆಲ್ಲ ಸಿನಿಮಾದಲ್ಲಿ ಆತ ಹಾಕಿಕೊಳ್ಳೋ ಆ ರೇನ್‌ಕೋಟ್ ನೆನಪಾಗುತ್ತೆ.

ಅಂದ ಹಾಗೆ, ನಮ್ಮೂರು ಗದಗ ಕಡೆ. ಜೋಳದ ಹೊಲದಲ್ಲಿ ರಾತ್ರಿ ಸದ್ದಾದರೆ ಹೇಗಿರುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಹಂದಿ ಬರ್ತಿತ್ತು. ಆತನ ಸಿನಿಮಾದಲ್ಲಿ ಅನ್ಯಗ್ರಹದವರು. ಹೆದರಿಕೆ ಮಾತ್ರ ಒಂದೇ.

ಬಾಲ್ಕನಿ_ಟಿಕೆಟ್ · 10:31

ಊರು ಬಿಡದಿದ್ದರೆ ಒಳ್ಳೆ ನಿರ್ದೇಶಕ ಆಗಿಬಿಡ್ತಾರಾ? ವಿಷಯಕ್ಕೆ ಬನ್ನಿ. 'ಸೈನ್ಸ್' ಕಥೆಯನ್ನೇ ನೋಡಿ. ಮುಕ್ಕಾಲು ಭಾಗ ಭೂಮಿ ನೀರಿರೋ ಗ್ರಹ. ನೀರು ತಾಗಿದರೆ ಸುಟ್ಟು ಹೋಗೋ ಜೀವಿಗಳು ಇಲ್ಲಿಗೇ ಬಂದವು, ಅದೂ ಬೆತ್ತಲಾಗಿ. ಒಂದು ಕೊಡೆಯಾದರೂ ತರಬಾರದಾ?

ಚುರುಮುರಿ · 10:32

ಆಗುಂಬೆಗೆ ಇಳಿದಿದ್ದರೆ ಐದು ನಿಮಿಷದಲ್ಲಿ ಸಿನಿಮಾ ಮುಗೀತಿತ್ತು.

ಹಳೇರೀಲು · 10:40

@ಬಾಲ್ಕನಿ_ಟಿಕೆಟ್, ಅದನ್ನ ಒಪ್ಪಿದೆ. ಲೆಕ್ಕ ಹಾಕಿದರೆ ತೂತು ಇದೆ. ಆದರೆ ಆ ನೀರಿನ ಲೋಟಗಳು ಮನೆ ತುಂಬಾ ಯಾಕಿದ್ದವು ನೋಡಿ. ಪುಟ್ಟ ಹುಡುಗಿ ಒಂದು ಗುಟುಕು ಕುಡಿದು, ರುಚಿ ಸರಿಯಿಲ್ಲ, ಧೂಳು ಬಿದ್ದಿದೆ ಅಂತ ಬಿಟ್ಟು ಹೋಗ್ತಾಳೆ. ಮಕ್ಕಳಿರೋ ಯಾವ ಮನೆಯಲ್ಲಿ ಹಾಗೆ ಅರ್ಧ ಲೋಟಗಳು ಬಿದ್ದಿರಲ್ಲ ಹೇಳಿ? ನಾವು ಅದನ್ನ ಮಕ್ಕಳ ಹಟ ಅಂದುಕೊಂಡು ನಕ್ಕು ಮುಂದೆ ಹೋಗಿರ್ತೀವಿ. ಅದು ಟ್ವಿಸ್ಟ್ ಅಲ್ಲ ಸ್ವಾಮಿ, ಕಣ್ಣೆದುರೇ ಇಟ್ಟಿದ್ದು.

ರಾಗಿಮುದ್ದೆ · 10:58

ನನ್ನದೊಂದು ಕಥೆ ಕೇಳಿ. ಉದ್ದ ಆದ್ರೆ ಕ್ಷಮಿಸಿ.

ನಾನು 'ಸಿಕ್ಸ್ತ್ ಸೆನ್ಸ್' ನೋಡಿದ್ದು ವಿಸಿಡಿಯಲ್ಲಿ. ಎರಡು ಡಿಸ್ಕು. ಬಾಡಿಗೆ ದಿನಕ್ಕೆ ಹದಿನೈದು ರೂಪಾಯಿ. ಎರಡನೇ ಡಿಸ್ಕಿನ ಮೇಲೆ ಬೆಕ್ಕು ಪರಚಿದ ಹಾಗೆ ಗೀರು. ಕೊನೆಗೆ ಹುಡುಗ ಅಮ್ಮನ ಜೊತೆ ಕಾರಿನಲ್ಲಿ ಕೂತಿರ್ತಾನೆ. ಮುಂದೆ ಆಕ್ಸಿಡೆಂಟ್ ಆಗಿ ರಸ್ತೆ ಬಂದ್. ಆಗ ಹುಡುಗ ಅಮ್ಮನಿಗೆ ತನ್ನ ಗುಟ್ಟು ಹೇಳ್ತಾನೆ. ತೀರಿಹೋದ ಅಜ್ಜಿಯ ಮಾತು ಹೇಳ್ತಾನೆ. ನೀನು ಸಮಾಧಿ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಿದ್ದೆಯಂತೆ, ಅದಕ್ಕೆ ಉತ್ತರ "ಪ್ರತಿದಿನ" ಅಂತೆ ಅಂತಾನೆ. ಅಮ್ಮ ಅಳ್ತಾಳೆ. ಇಬ್ಬರೂ ತಬ್ಬಿಕೊಳ್ತಾರೆ.

ಅಲ್ಲಿಗೆ ನಮ್ಮ ಡಿಸ್ಕು ನಿಂತುಹೋಯಿತು.

ನಮ್ಮಮ್ಮನೂ ನನ್ನ ಜೊತೆ ಕೂತು ನೋಡ್ತಿದ್ದರು. ಇಂಗ್ಲಿಷ್ ಬರಲ್ಲ, ನಾನೇ ಮಧ್ಯೆ ಮಧ್ಯೆ ಹೇಳ್ತಿದ್ದೆ. ಸೆರಗಲ್ಲಿ ಕಣ್ಣೊರೆಸಿಕೊಂಡು, "ಪಾಪ, ಕೊನೆಗೂ ಅಮ್ಮನ ಹತ್ತಿರ ಹೇಳಿಕೊಂಡನಲ್ಲ" ಅಂತ ಎದ್ದು ಅಡುಗೆ ಮನೆಗೆ ಹೋದರು. ನಾನೂ ಸಿನಿಮಾ ಮುಗೀತು ಅಂದುಕೊಂಡೆ. ಮೂರು ವರ್ಷ ನನ್ನ ತಲೆಯಲ್ಲಿ ಅದು, ಹೆದರುವ ಹುಡುಗನನ್ನು ಡಾಕ್ಟರೊಬ್ಬ ಗುಣ ಮಾಡಿದ ಒಳ್ಳೆಯ ಕಥೆ. ಹಾಸ್ಟೆಲಿಗೆ ಹೋದ ಮೇಲೆ ಗೆಳೆಯರು ಟ್ವಿಸ್ಟು ಟ್ವಿಸ್ಟು ಅನ್ನೋವಾಗ ನಾನು "ಯಾವ ಟ್ವಿಸ್ಟು?" ಅಂದೆ. ಇಡೀ ರೂಮು ಬಿದ್ದು ಬಿದ್ದು ನಕ್ಕಿತು.

ಹಳೇರೀಲು · 11:02

ಅಯ್ಯೋ ಮಹಾರಾಯರೇ! ನಾನು ಇಷ್ಟುದ್ದ ಬರೆದು ಹೇಳೋಕೆ ಹೊರಟಿದ್ದನ್ನ ನಿಮ್ಮ ಕೆಟ್ಟ ಡಿಸ್ಕು ಹೇಳಿಬಿಟ್ಟಿದೆ.

ಬಾಲ್ಕನಿ_ಟಿಕೆಟ್ · 11:09

ಚೆನ್ನಾಗಿದೆ ಕಥೆ. ಆದರೆ ಅದು ಒಂದೇ ಸಿನಿಮಾದ ಮಾತು. ಡಾಕ್ಟರೇ ಸತ್ತುಹೋಗಿರ್ತಾನೆ ಅನ್ನೋದು ಇಡೀ ಲೋಕಕ್ಕೇ ಗೊತ್ತಾದ ಮೇಲೂ ಅದು ನಿಲ್ಲುತ್ತೆ ಸರಿ. ಮಿಕ್ಕವು?

ಅವಲಕ್ಕಿ_ಒಗ್ಗರಣೆ · 11:11

ಏನು?

ಅವಲಕ್ಕಿ_ಒಗ್ಗರಣೆ · 11:11

ನನಗೆ ಗೊತ್ತಿರಲಿಲ್ಲ 😐 ಈ ವಾರಾಂತ್ಯ ನೋಡೋಣ ಅಂತಲೇ ಈ ಚರ್ಚೆ ತೆರೆದೆ.

ಚುರುಮುರಿ · 11:12

ಬಾಲ್ಕನಿಯವರೇ, ನೀವೇ ಆ ಭಾವ ಅಲ್ವಾ? ನಿಜ ಹೇಳಿ.

ನಿರ್ವಾಹಕ · 11:20

ದಯವಿಟ್ಟು ಗುಟ್ಟು ಬಿಡುವ ಮುಂಚೆ ಒಂದು ಎಚ್ಚರಿಕೆ ಸಾಲು ಹಾಕಿ. ಶೀರ್ಷಿಕೆ ಪಕ್ಕ "ಕಥೆ ಬಿಚ್ಚಿಡಲಾಗಿದೆ" ಅಂತ ಸೇರಿಸಿದ್ದೇನೆ.

ಬಾಲ್ಕನಿ_ಟಿಕೆಟ್ · 11:24

ಕ್ಷಮಿಸಿ ಅವಲಕ್ಕಿಯವರೇ, ನಿಜವಾಗಲೂ ಬೇಜಾರಾಯಿತು. ಆದರೂ 25 ವರ್ಷ ದಾಟಿದ ಸಿನಿಮಾ ರೀ. ರಾಮಾಯಣದ ಕೊನೆ ಹೇಳಿದರೂ ಎಚ್ಚರಿಕೆ ಕೊಡಬೇಕಾ?

ನಿವೃತ್ತ_ಮೇಷ್ಟ್ರು · ಭಾನುವಾರ ಬೆಳಿಗ್ಗೆ 6:15

ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಎಲ್ಲ ಓದಿದೆ. ರಾಮಾಯಣದ ಮಾತು ಬಂತಲ್ಲ, ಅದಕ್ಕೆ ಒಂದೆರಡು ಮಾತು.

ಕರಾವಳಿಯಲ್ಲಿ ಗದಾಯುದ್ಧ ಪ್ರಸಂಗ ಆಡುವಾಗ ಕೌರವ ತೊಡೆ ಮುರಿದು ಬೀಳುತ್ತಾನೆ ಅಂತ ಎದುರು ಚಾಪೆ ಮೇಲೆ ಮಲಗಿದ ಮಗುವಿಗೂ ಗೊತ್ತು. ಆದರೂ ಆತ ಸರೋವರದಲ್ಲಿ ಅಡಗಿ ಕೂತು, ಭೀಮ ಹೊರಗೆ ನಿಂತು ಹಂಗಿಸುವಾಗ ಜನ ಕಣ್ಣು ಮಿಟುಕಿಸುವುದಿಲ್ಲ. ಕೊನೆ ಗೊತ್ತಿದ್ದರೆ ರುಚಿ ಹೋಗುತ್ತದೆ ಅನ್ನುವುದು ನಮ್ಮ ಜನರ ಅಭ್ಯಾಸವೇ ಅಲ್ಲ.

ಇನ್ನೊಂದು. ನಾನು ಮೂವತ್ತು ವರ್ಷ ರನ್ನನ ಗದಾಯುದ್ಧ ಪಾಠ ಮಾಡಿದೆ. ಇಡೀ ಭಾರತವನ್ನು ಕೊನೆಯ ದಿನದ ಕಡೆಯಿಂದ ಹಿಂತಿರುಗಿ ನೋಡಿ ಹೇಳುವ ಕ್ರಮ ಅವನದು. ಸಿಂಹಾವಲೋಕನ ಅನ್ನುತ್ತೇವೆ. ನಾಲ್ಕು ಹೆಜ್ಜೆ ನಡೆದು ಸಿಂಹ ತಿರುಗಿ ನೋಡುತ್ತದಂತೆ. ಮೊಮ್ಮಗ ಆ ಡಾಕ್ಟರ್ ಸಿನಿಮಾ ತೋರಿಸಿದಾಗ ನನಗೆ ಅನ್ನಿಸಿದ್ದು ಇದೇ. ಕೊನೆಯಲ್ಲಿ ಆ ಮನುಷ್ಯ ತಿರುಗಿ ನೋಡುತ್ತಾನೆ, ನಾವೂ ಜೊತೆಗೆ ತಿರುಗುತ್ತೇವೆ. ಹೋಟೆಲಿನಲ್ಲಿ ಹೆಂಡತಿ ಯಾಕೆ ಒಂದೂ ಮಾತಾಡದೆ ಬಿಲ್ಲು ಎಳೆದುಕೊಂಡಳು? ಸಿಟ್ಟು ಅಂದುಕೊಂಡಿದ್ದೆವು. ಅಲ್ಲ. ಎದುರಿಗೆ ಖಾಲಿ ಕುರ್ಚಿ.

ಚುರುಮುರಿ · 7:40

ಮೇಷ್ಟ್ರೇ ನಮಸ್ಕಾರ. ನೀವು ಹೀಗೆ ಪಾಠ ಮಾಡಿದ್ದರೆ ನಾನು ಹಳಗನ್ನಡದಲ್ಲಿ 36 ತೆಗೆಯುತ್ತಿರಲಿಲ್ಲ.

ಕುಡ್ಲದ_ಮೀನು · 8:02

ಯಕ್ಷಗಾನಕ್ಕೆ ಹೋಲಿಸೋದು ಪೂರ್ತಿ ಸರಿ ಅನಿಸಲ್ಲ ಮೇಷ್ಟ್ರೇ. ಅಲ್ಲಿ ಅರ್ಥಧಾರಿ ಏನು ಹೇಳ್ತಾನೆ ಅನ್ನೋದೇ ಹೊಸದು. ಕಥೆ ಹಳೇದಿರಬಹುದು, ಮಾತು ಪ್ರತಿ ರಾತ್ರಿ ಬೇರೆ. ಶ್ಯಾಮಲನ್ ಪಾತ್ರಗಳ ಮಾತು ಕೇಳಿದ್ದೀರಾ? 'ಹ್ಯಾಪನಿಂಗ್'ನಲ್ಲಿ ಮಾರ್ಕ್ ವಾಲ್‌ಬರ್ಗ್ ಒಂದು ಪ್ಲಾಸ್ಟಿಕ್ ಗಿಡದ ಹತ್ತಿರ ವಿನಯವಾಗಿ ಮಾತಾಡ್ತಾನೆ. ನಾನು ಥಿಯೇಟರಲ್ಲಿ ನಕ್ಕು ಪಕ್ಕದವರ ಹತ್ತಿರ ಬೈಸಿಕೊಂಡೆ.

ಹಳೇರೀಲು · 8:30

ಆ ಸಿನಿಮಾದ ವಕೀಲಿ ನಾನು ವಹಿಸಲ್ಲ 🙏 2006ರಿಂದ 2013ರವರೆಗಿನ ಕಾಲ ಬೇಕಾದರೆ ನಿಮಗೇ ಬಿಟ್ಟುಕೊಡ್ತೀನಿ. 'ಲೇಡಿ ಇನ್ ದಿ ವಾಟರ್'ನಲ್ಲಿ ಒಬ್ಬ ಸಿನಿಮಾ ವಿಮರ್ಶಕನನ್ನು ಕಥೆಯೊಳಗೇ ಸಾಯಿಸಿ, ಲೋಕ ಬದಲಿಸೋ ಲೇಖಕನ ಪಾತ್ರವನ್ನು ತಾನೇ ಮಾಡಿಕೊಂಡಿದ್ದು ಸೊಕ್ಕು. ಅದನ್ನ ಸೊಕ್ಕು ಅಂತಲೇ ಕರೀಬೇಕು.

ಜೋಳದರೊಟ್ಟಿ_ಅಮೆರಿಕ · 8:47

ಆ ವಿಮರ್ಶಕರೂ ಒಂದೇ ತರ ಇರಲಿಲ್ಲ. ರೋಜರ್ ಈಬರ್ಟ್ 'ಸೈನ್ಸ್'ಗೆ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟರು, 'ವಿಲೇಜ್'ಗೆ ಒಂದು, ಎಲ್ಲರೂ ಬೈದ 'ಹ್ಯಾಪನಿಂಗ್'ಗೆ ಮೂರು. ನನ್ನ ಮಗಳ ತಕರಾರು ಬೇರೆ. 'ದಿ ಲಾಸ್ಟ್ ಏರ್‌ಬೆಂಡರ್' ಕಾರ್ಟೂನ್ ಅವಳಿಗೆ ಪ್ರಾಣ. ಅದನ್ನ ಈತ ಸಿನಿಮಾ ಮಾಡಿದಾಗ, ಕಾರ್ಟೂನಿನಲ್ಲಿ ಏಷ್ಯಾದ ತರ ಇದ್ದ ಮುಖ್ಯ ಪಾತ್ರಗಳಿಗೆಲ್ಲ ಬಿಳಿಯರನ್ನು ಹಾಕಿ, ಖಳರ ಕಡೆಗೆ ನಮ್ಮ ದೇವ್ ಪಟೇಲನ್ನ ಹಾಕಿದ್ದರು. ನಮ್ಮ ಕಡೆಯ ಹೆಸರಿಟ್ಟುಕೊಂಡವನೇ ಹೀಗೆ ಮಾಡಿದನಲ್ಲ ಅಂತ ಅವಳ ಸಿಟ್ಟು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬಾಲ್ಕನಿ_ಟಿಕೆಟ್ · 9:15

ನೋಡಿ, ವಕೀಲರೇ ಒಪ್ಪಿಕೊಂಡರು. ಆಸ್ಕರ್ ಗೆದ್ದವನು ಆ ಮಟ್ಟಕ್ಕೆ ಇಳಿದ.

ರಾಗಿಮುದ್ದೆ · 9:18

ಗೆದ್ದಿಲ್ಲ. 'ಸಿಕ್ಸ್ತ್ ಸೆನ್ಸ್' ಸಿನಿಮಾಕ್ಕೆ ಆರು ನಾಮನಿರ್ದೇಶನ ಬಂದಿತ್ತು, ಒಂದೂ ಕೈಗೆ ಬರಲಿಲ್ಲ. ಭಾರತ ಸರ್ಕಾರದ ಪದ್ಮಶ್ರೀ ಸಿಕ್ಕಿದೆ, 2008ರಲ್ಲಿ.

ಚುರುಮುರಿ · 9:19

2008, ಅಂದ್ರೆ 'ಹ್ಯಾಪನಿಂಗ್' ಬಂದ ವರ್ಷ. ಟ್ವಿಸ್ಟ್ ಅಂದ್ರೆ ಇದು.

ಹಳೇರೀಲು · 9:45

ಬಿದ್ದ ಮೇಲೆ ಆತ ಏನು ಮಾಡಿದ ಅನ್ನೋದನ್ನೂ ನೋಡಿ. ಮನೆಯ ಮೇಲೆ ಸಾಲ ತೆಗೆದ. ಸುಮಾರು 50 ಲಕ್ಷ ಡಾಲರ್ ತನ್ನದೇ ದುಡ್ಡು ಹಾಕಿ 'ದಿ ವಿಜಿಟ್' ಮಾಡಿದ, 2015ರಲ್ಲಿ. ಅಜ್ಜಿ ತಾತನ ಮನೆಗೆ ರಜಕ್ಕೆ ಹೋಗುವ ಇಬ್ಬರು ಮಕ್ಕಳು, ಒಂದು ಮನೆ, ಅಷ್ಟೇ. ದೊಡ್ಡ ಸ್ಟಾರ್ ಯಾರೂ ಇಲ್ಲ. ಒಂಬತ್ತು ಕೋಟಿ ಡಾಲರಿಗೂ ಜಾಸ್ತಿ ಬಂತು. ಆಮೇಲೆ 90 ಲಕ್ಷದಲ್ಲಿ 'ಸ್ಪ್ಲಿಟ್'. ಅದು 27 ಕೋಟಿ ದಾಟಿತು. ಹಾಲಿವುಡ್ಡಿನಲ್ಲಿ 90 ಲಕ್ಷ ಅಂದ್ರೆ ಕಾಫಿ ಖರ್ಚು.

ಸ್ವಂತ ಮನೆ ಅಡ ಇಟ್ಟು ಸಿನಿಮಾ ಮಾಡಿದವರು ಗಾಂಧಿನಗರದಲ್ಲಿ ಎಷ್ಟು ಜನ ಇಲ್ಲ. ಆದರೆ ಮುಂದಿನ ಸ್ಪೀಲ್‌ಬರ್ಗ್ ಅನ್ನಿಸಿಕೊಂಡವನು, 45ರ ವಯಸ್ಸಿಗೆ, ಮತ್ತೆ ಅ ಆ ಇ ಈ ಅಂತ ಶುರು ಮಾಡಿದ. ನನಗೆ ಅದು ದೊಡ್ಡ ವಿಷಯ.

ಬಾಲ್ಕನಿ_ಟಿಕೆಟ್ · 10:10

ಅದಕ್ಕೆ ಟೋಪಿ ತೆಗೀತೀನಿ. 'ವಿಜಿಟ್' ನನಗೂ ಹಿಡಿಸಿತ್ತು. ಆ ಅಜ್ಜಿ ಒಲೆ ಒಳಗೆ ಹೋಗಿ ಒರೆಸು ಅನ್ನೋ ಸೀನಿಗೆ ನನ್ನ ಹೆಂಡತಿ ಎದ್ದು ಲೈಟ್ ಹಾಕಿದಳು.

ಆದರೆ ನನ್ನ ಮೂಲ ತಕರಾರು ಹಾಗೇ ಇದೆ. ನೋಡುವವನಿಗೆ ಕೊನೆ ತನಕ ಏನೋ ಒಂದು ಮುಚ್ಚಿಡೋದು ಮೋಸ. ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ಇದನ್ನೇ ಅಲ್ವಾ? ಮೇಜಿನ ಕೆಳಗೆ ಬಾಂಬ್ ಇದೆ ಅಂತ ನೋಡುವವರಿಗೆ ಮೊದಲೇ ತೋರಿಸು. ಆಗ ಹದಿನೈದು ನಿಮಿಷ ಉಸಿರು ಬಿಗಿ ಹಿಡೀತಾರೆ. ತೋರಿಸದೆ ಸಿಡಿಸಿದರೆ ಹದಿನೈದು ಸೆಕೆಂಡಿನ ಬೆಚ್ಚು.

ಹಳೇರೀಲು · 10:28

ಹಾಗಾದರೆ 2024ರ 'ಟ್ರ್ಯಾಪ್' ನೋಡಿ. ಮಗಳನ್ನು ಹಾಡಿನ ಕಾರ್ಯಕ್ರಮಕ್ಕೆ ಕರೆದುಕೊಂಡು ಬಂದ ಅಪ್ಪನೇ ಕೊಲೆಗಾರ ಅಂತ ಟ್ರೇಲರಿನಲ್ಲೇ ಹೇಳಿಬಿಟ್ಟಿದ್ದಾರೆ, ನಾನು ಯಾರಿಗೂ ಏನೂ ಕೆಡಿಸ್ತಿಲ್ಲ. ಸುತ್ತ ಪೊಲೀಸರು. ಒಳಗೆ ಸಿಕ್ಕಿಹಾಕಿಕೊಂಡವನು ಅವನು. ನಿಮ್ಮದೇ ಮೇಜು, ನಿಮ್ಮದೇ ಬಾಂಬು. ಮಜಾ ಏನಂದ್ರೆ, ಅವನು ತಪ್ಪಿಸಿಕೊಳ್ಳಲಿ ಅಂತ ನಮ್ಮ ಮನಸ್ಸು ಒಳಗೊಳಗೇ ಬೇಡ್ತಿರುತ್ತೆ. ಆಮೇಲೆ ನಾಚಿಕೆ ಆಗುತ್ತೆ.

ಎರಡನೇ ಅರ್ಧ ಸಡಿಲ, ಅದೂ ನಿಜ. ವೇದಿಕೆ ಮೇಲೆ ಹಾಡೋಳು ಆತನ ಸ್ವಂತ ಮಗಳು. ಅಪ್ಪನ ಪ್ರೀತಿ ಸ್ವಲ್ಪ ಜಾಸ್ತಿಯೇ ಆಯಿತು.

ಚುರುಮುರಿ · 10:30

ಮಗಳನ್ನ ಲಾಂಚ್ ಮಾಡೋಕೆ ಇಡೀ ಸಿನಿಮಾ. ಗಾಂಧಿನಗರದ ಮಾತು ಬಂದಿದ್ದು ಸರಿಯಾಗೇ ಇದೆ.

ರಾಗಿಮುದ್ದೆ · 11:05

ಮುಚ್ಚಿಡೋದು ಮೋಸ ಅಂದ್ರೆ ನಮ್ಮ 'ತರ್ಕ' ಏನು ಹಾಗಾದ್ರೆ? ಸುನೀಲ್ ಕುಮಾರ್ ದೇಸಾಯಿ, 1989. ಶಂಕರ್‌ನಾಗ್, ದೇವರಾಜ್, ವನಿತಾ ವಾಸು. ಒಂದೇ ಒಂದು ಹಾಡಿಲ್ಲ. ಆ ಕಾಲದಲ್ಲಿ ಹಾಡಿಲ್ಲದ ಕನ್ನಡ ಸಿನಿಮಾ ಅಂದ್ರೆ ಉಪ್ಪಿಲ್ಲದ ಸಾರು ಅಂತಿದ್ದರು. ಜನ ಮುಗಿಬಿದ್ದು ನೋಡಿದರು. ಕೊನೆ ಗೊತ್ತಿದ್ದೂ ನಾನು ಇವತ್ತಿಗೂ ನೋಡ್ತೀನಿ, ಶಂಕರ್‌ನಾಗ್ ನಡೆಯೋದನ್ನ ನೋಡೋಕೆ.

ಕುಡ್ಲದ_ಮೀನು · 11:12

'ತರ್ಕ' ಅಗಾಥಾ ಕ್ರಿಸ್ಟಿ ನಾಟಕದಿಂದ ಬಂದಿದ್ದು. ಬೇಜಾರು ಮಾಡಿಕೊಳ್ಳಬೇಡಿ.

ರಾಗಿಮುದ್ದೆ · 11:14

ಗೊತ್ತು ಮಾರಾಯ್ರೆ. ಅವಳ ನಾಟಕದಲ್ಲಿ ಶಂಕರ್‌ನಾಗ್ ಇದ್ದನಾ?

ನಿವೃತ್ತ_ಮೇಷ್ಟ್ರು · 11:40

ದೇಸಾಯಿ ಅವರ 'ಬೆಳದಿಂಗಳ ಬಾಲೆ' ಮರೆತಿರಾ? 1995. ನಾಯಕಿಯ ಮುಖ ತೋರಿಸುವುದೇ ಇಲ್ಲ. ಬರೀ ದನಿ, ಈ ಕಡೆ ಫೋನ್ ಹಿಡಿದ ಅನಂತ್‌ನಾಗ್. ಮುಚ್ಚಿಟ್ಟಿದ್ದನ್ನು ಕೊನೆಗೂ ಬಿಚ್ಚಲಿಲ್ಲ. ಯಾರೂ ಮೋಸ ಅನ್ನಲಿಲ್ಲ.

ನಮ್ಮ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಬಾಡಿಗೆಗೆ ತರುತ್ತಿದ್ದೆವು. ಯಾರೋ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ಕೊಲೆಗಾರನ ಹೆಸರು ಬರೆದಿಡುತ್ತಿದ್ದ. ಅದರಲ್ಲೂ ಒಂದು ಚೇಷ್ಟೆ. ಕೆಲವು ಸಲ ಬೇಕಂತಲೇ ತಪ್ಪು ಹೆಸರು. ನಾವು ಕೊನೆ ಪುಟದವರೆಗೆ ಅವನನ್ನೇ ಅನುಮಾನಿಸುತ್ತಿದ್ದೆವು.

ಚುರುಮುರಿ · 11:42

ಅವನೇ ನಿಜವಾದ ಶ್ಯಾಮಲನ್.

ಜೋಳದರೊಟ್ಟಿ_ಅಮೆರಿಕ · ಮಧ್ಯಾಹ್ನ 12:30

ನಿದ್ದೆ ಬರ್ತಿಲ್ಲ, ಇಲ್ಲಿ ನಡುರಾತ್ರಿ ಮೂರಾಯಿತು. 'ವಿಲೇಜ್' ಬಗ್ಗೆ ಯಾರೂ ಪೂರ್ತಿ ಮಾತಾಡಿಲ್ಲ. ಎಚ್ಚರಿಕೆ: ಕಥೆ ಬಿಚ್ಚಿಡ್ತೀನಿ.

2004ರಲ್ಲಿ ಅದನ್ನ ರಾಕ್ಷಸರ ಸಿನಿಮಾ ಅಂತ ಮಾರಿದರು. ಜನ ಹೆದರೋಕೆ ಬಂದರು, ಹೆದರಿಕೆ ಸಿಗಲಿಲ್ಲ, ಬೈದರು. ಆದರೆ ಅದು ಪ್ರೇಮಕಥೆ. ಕಣ್ಣು ಕಾಣದ ಹುಡುಗಿ ಬಾಗಿಲಲ್ಲಿ ಕೈ ಚಾಚಿ ನಿಂತಿರ್ತಾಳೆ, ಎಲ್ಲರೂ ನೆಲಮಾಳಿಗೆಗೆ ಓಡ್ತಿರ್ತಾರೆ, ಆತ ಬಂದೇ ಬರ್ತಾನೆ ಅಂತ ಅವಳು ಕೈ ಹಿಂದಕ್ಕೆ ತೆಗೆಯೋದೇ ಇಲ್ಲ. ರೋಜರ್ ಡೀಕಿನ್ಸ್ ಕ್ಯಾಮೆರಾ, ಜೇಮ್ಸ್ ನ್ಯೂಟನ್ ಹೋವರ್ಡ್ ಸಂಗೀತದ ಪಿಟೀಲು. ಆ ಒಂದು ಸೀನಿಗೆ ನಾನು ಇಡೀ ಸಿನಿಮಾ ಮಾಫಿ ಮಾಡ್ತೀನಿ.

ಆ ಊರಿನ ಹಿರಿಯರು ಯಾಕೆ ಸುಳ್ಳು ಹೇಳಿದರು? ಹೊರಗಿನ ಲೋಕದಲ್ಲಿ ಪ್ರತಿಯೊಬ್ಬರೂ ತಮ್ಮವರನ್ನು ಕೊಲೆಗೆ ಕಳಕೊಂಡಿದ್ದರು. ಮಕ್ಕಳಿಗೆ ಆ ನೋವು ಬೇಡ ಅಂತ ಕಾಡಿನ ಸುತ್ತ ಹೆದರಿಕೆಯ ಬೇಲಿ ಹಾಕಿದರು. ಇಲ್ಲಿ ಹೊರದೇಶದಲ್ಲಿ ಮಕ್ಕಳನ್ನ ಬೆಳೆಸೋ ನಮ್ಮಂಥವರು, ನಮ್ಮದೇ ಒಂದು ಪುಟ್ಟ ಊರು ಕಟ್ಟಿಕೊಂಡು, ಹೊರಗೆ ಹೋಗಬೇಡಿ, ಅವರು ನಮ್ಮ ತರ ಅಲ್ಲ ಅಂತೀವಲ್ಲ. ಮಗಳು ಆ ಸಿನಿಮಾ ನೋಡಿ ನನ್ನ ಕಡೆ ತಿರುಗಿ, "ಅಪ್ಪಾ, ಇದು ನಮ್ಮ ಸಂಘದ ಪಿಕ್ನಿಕ್ ತರ ಇದೆ" ಅಂದಳು.

ಬಾಲ್ಕನಿ_ಟಿಕೆಟ್ · 12:51

ಇದನ್ನ ಓದಿ ಸುಮ್ಮನಾದೆ. 'ವಿಲೇಜ್' ಇನ್ನೊಂದು ಸಲ ನೋಡ್ತೀನಿ. ಇಷ್ಟ ಆಗದಿದ್ದರೆ ಬಂದು ಬೈತೀನಿ.

ಅವಲಕ್ಕಿ_ಒಗ್ಗರಣೆ · ರಾತ್ರಿ 10:15

ನೋಡಿದೆ. ಗುಟ್ಟು ಗೊತ್ತಿದ್ದೂ.

ಮೊದಲ ಅರ್ಧ ಗಂಟೆ ಬಾಲ್ಕನಿಯವರಿಗೆ ಮನಸ್ಸಲ್ಲೇ ಬೈತಾ ನೋಡಿದೆ. ಆಮೇಲೆ ಮರೆತೆ. ಎಲ್ಲರೂ ಡಾಕ್ಟರನ್ನ ನೋಡೋ ಹೊತ್ತಿಗೆ ನಾನು ಅವನ ಹೆಂಡತಿಯನ್ನೇ ನೋಡ್ತಿದ್ದೆ. ಮದುವೆಯ ವಿಡಿಯೋ ಹಾಕಿಕೊಂಡು ಸೋಫಾ ಮೇಲೆ ನಿದ್ದೆ ಹೋಗಿರ್ತಾಳಲ್ಲ. ಹೋಟೆಲಿಗೂ ಒಬ್ಬಳೇ ಹೋಗಿ ಕೂತಿದ್ದಾಳೆ, ಮದುವೆಯ ದಿನ ಅಂತ. ಗೊತ್ತಿಲ್ಲದೆ ನೋಡಿದವರಿಗೆ ಅವಳು ಕೋಪದ ಹೆಂಗಸು. ನನಗೆ ಮೊದಲಿಂದಲೇ ಗಂಡ ಸತ್ತ ಹೆಂಗಸು. ಹೆದರಿಕೆ ಅಷ್ಟು ಆಗಲಿಲ್ಲ. ಗುಡಾರದ ಕ್ಲಿಪ್ಪುಗಳು ಒಂದೊಂದೇ ಬಿಚ್ಚೋವಾಗ ಮಾತ್ರ ದಿಂಬು ಹಿಡಿದುಕೊಂಡೆ. ಮಧ್ಯೆ ಸ್ವಲ್ಪ ನಿಧಾನ, ಒಂದು ಕಡೆ ತೂಕಡಿಸಿದೆ, ಸುಳ್ಳು ಹೇಳಲ್ಲ.

ಕಾರಿನ ಸೀನ್ ಆದ ಮೇಲೆ ರಾಗಿಮುದ್ದೆಯವರ ನೆನಪಿಗೆ ಒಂದು ನಿಮಿಷ ನಿಲ್ಲಿಸಿದ್ದೆ. ಅಲ್ಲಿಗೇ ಬಿಟ್ಟರೂ ನಡೆಯುತ್ತೆ.

ರಾಗಿಮುದ್ದೆ · 10:19

❤️ ಅಮ್ಮನಿಗೆ ಓದಿ ಹೇಳಿದೆ. "ಯಾವ ಸಿನಿಮಾನೋ?" ಅಂದರು.

ಹಳೇರೀಲು · 10:34

ಈ ಚರ್ಚೆಯನ್ನ ನಮ್ಮ ಭಾವನಿಗೆ ಕಳಿಸಿದ್ದೆ. ಈಗ ತಾನೇ ಉತ್ತರ ಬಂತು: "ತುಂಬಾ ಉದ್ದ ಇದೆ. ಕೊನೆಗೆ ಏನಾಗುತ್ತೆ ಅಂತ ಹೇಳಿಬಿಡು."